ಒಂದು ಪರಮಾಣು ದಪ್ಪದ ಪದರ ಗೇಟನ್ನು ತುಕ್ಕಿನಿಂದ ಉಳಿಸುತ್ತಾ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಮೂಲ ರಾಣೆಬೆನ್ನೂರು ಕಡೆ. ಅಪ್ಪ ದುಡಿಯೋಕೆ ಅಂತ ಗೋವಾದ ವಾಸ್ಕೋಗೆ ಬಂದವರು, ನಾನು ಬೆಳೆದದ್ದೆಲ್ಲ ಇಲ್ಲೇ. 11 ವರ್ಷದಿಂದ ಫ್ಯಾಬ್ರಿಕೇಶನ್ ಅಂಗಡಿ ಇಟ್ಟಿದ್ದೇನೆ. ಗ್ರಿಲ್, ಗೇಟು, ರೇಲಿಂಗ್ ಕೆಲಸ. ಹೋದ ವರ್ಷ ಏಪ್ರಿಲ್‌ನಲ್ಲಿ ಬೊಗ್ಮಾಳೊದಲ್ಲಿ ಸಮುದ್ರಕ್ಕೆ ತೀರ ಹತ್ತಿರದ ಮನೆಗೆ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾದಾ ಕಬ್ಬಿಣ) ಗೇಟು ಮಾಡಿಕೊಟ್ಟೆ. ರೆಡ್ ಆಕ್ಸೈಡ್ ಒಂದು ಕೋಟು, ಎನಾಮೆಲ್ ಎರಡು ಕೋಟು. ದಸರಾ ಹೊತ್ತಿಗೆ ವೆಲ್ಡಿಂಗ್ ಜಾಗದಿಂದೆಲ್ಲ ತುಕ್ಕು ಇಳಿದು ಬಿಳಿ ಗೋಡೆ ಕೆಂಪಾಯಿತು. ಮನೆಯವರು ದಿನಾ ಫೋನ್ ಮಾಡಿ ಬೈಯುತ್ತಾರೆ. ಈಗ ಒಬ್ಬ ಏಜೆಂಟ್ ಬಂದು ‘ಗ್ರಾಫೀನ್ ಕೋಟಿಂಗ್’ ತೋರಿಸಿದ. ಒಂದೇ ಪರಮಾಣು ದಪ್ಪದ ಪದರ, ಗಾಳಿ ನೀರು ಏನೂ ದಾಟಲ್ಲ, ತುಕ್ಕು ಕೆರೆಯೋದೂ ಬೇಡ, ಮೇಲೇ ಬಳಿಯಿರಿ, 2000 ಗಂಟೆ ಸಾಲ್ಟ್ ಸ್ಪ್ರೇ ಪಾಸಾಗಿದೆ, 15 ವರ್ಷ ಚಿಂತೆ ಇಲ್ಲ ಅಂದ. ಲೀಟರಿಗೆ ಎನಾಮೆಲ್‌ನ ಹತ್ತು ಪಟ್ಟು ರೇಟು. ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿ ಮಗ, ‘ಮಾವ, ಗ್ರಾಫೀನ್ ಹಾಕಿದ್ರೆ ತುಕ್ಕು ಜಾಸ್ತಿ ಆಗುತ್ತೆ ಅಂತ ಓದಿದೀನಿ’ ಅನ್ನುತ್ತಾನೆ. ಯಾರ ಮಾತು ನಂಬಲಿ? ಸ್ಟೇನ್‌ಲೆಸ್ ಸ್ಟೀಲ್ ರೇಲಿಂಗಿಗೂ ಇದನ್ನು ಹಾಕಬಹುದಾ? ಇನ್ನೊಂದು ಸಂಶಯ: ಕೊಡಚಾದ್ರಿಯ ಕಬ್ಬಿಣದ ಕಂಬಕ್ಕೆ ಯಾವ ಕೋಟಿಂಗೂ ಇಲ್ಲವಲ್ಲ, ಅದು ಹೇಗೆ ನಿಂತಿದೆ?

ಉತ್ತರ: ನಿಮ್ಮ ತಂಗಿ ಮಗ ಓದಿದ್ದು ನಿಜ. ಏಜೆಂಟ್ ಹೇಳಿದ ಮೊದಲ ವಾಕ್ಯವೂ ನಿಜ. ತೊಂದರೆ ಇರುವುದು ಆ ಮೊದಲ ವಾಕ್ಯಕ್ಕೂ ಅವನ ಕೈಯಲ್ಲಿದ್ದ ಡಬ್ಬಿಗೂ ನಡುವೆ.

ಪುಣೆಯ ಭೋಸರಿ ಕಡೆಯ ಕಾರ್ಖಾನೆಗಳಲ್ಲಿ, ಕೊಂಕಣದ ಕರಾವಳಿಯಲ್ಲಿ ತುಕ್ಕಿನ ಕೆಲಸ ಮಾಡಿಕೊಂಡೇ ನನ್ನ ತಲೆ ನೆರೆತಿದೆ. ಹೊಸ ಕೋಟಿಂಗ್ ಹಿಡಿದುಕೊಂಡು ಯಾರೇ ಬಂದರೂ ನಾನು ಕೇಳುವುದು ಒಂದೇ ಪ್ರಶ್ನೆ: ‘ಇದು ಹರಿದ ಜಾಗದಲ್ಲಿ ಏನಾಗುತ್ತೆ?’ ಹರಿಯದ ಜಾಗದಲ್ಲಿ ಎಲ್ಲ ಕೋಟಿಂಗೂ ಚೆನ್ನಾಗಿಯೇ ಇರುತ್ತದೆ. ನಿಮ್ಮ ಎನಾಮೆಲ್ ಕೂಡ.

ಗ್ರಾಫೀನ್ ಅಂದರೆ ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟಿನ ಒಂದೇ ಒಂದು ಹಾಳೆ. ಇಂಗಾಲದ ಪರಮಾಣುಗಳು ಜೇನುಗೂಡಿನ ಹಾಗೆ ಕೈಹಿಡಿದು ನಿಂತ ಹಾಳೆ. ದಪ್ಪ ಸುಮಾರು 0.34 ನ್ಯಾನೋಮೀಟರ್. ಒಂದು ತಲೆಗೂದಲಿನ ದಪ್ಪ ಬರಬೇಕಾದರೆ ಇಂಥ ಹಾಳೆ ಎರಡು ಲಕ್ಷಕ್ಕೂ ಜಾಸ್ತಿ ಪೇರಿಸಬೇಕು. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಇದನ್ನು ಗಮ್ ಟೇಪ್ ಅಂಟಿಸಿ ಕೀಳುತ್ತಾ ಕೀಳುತ್ತಾ ಬೇರ್ಪಡಿಸಿದರು. 2010ರಲ್ಲಿ ನೊಬೆಲ್ ಬಂತು. ಕಲೆಯಿಲ್ಲದ ಹಾಳೆಯಾದರೆ ಹೀಲಿಯಂ ಅನಿಲವನ್ನೂ ದಾಟಲು ಬಿಡುವುದಿಲ್ಲ ಎಂದು 2008ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಅಷ್ಟು ಪುಟ್ಟ ಹೀಲಿಯಮ್ಮೇ ದಾಟದಿದ್ದರೆ ನೀರು, ಆಮ್ಲಜನಕ ಹೇಗೆ ದಾಟೀತು? ಅಲ್ಲಿಂದ ಶುರುವಾಯಿತು ತುಕ್ಕಿಗೆ ಇದೇ ಮದ್ದು ಎಂಬ ಕನಸು.

ಕನಸಿಗೆ ಆಧಾರವೂ ಸಿಕ್ಕಿತು. 2012ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಗ್ರಾಫೀನ್ ಬೆಳೆಸಿದ ತಾಮ್ರವು ಬರಿಯ ತಾಮ್ರಕ್ಕಿಂತ 7 ಪಟ್ಟು ನಿಧಾನವಾಗಿ, ಹಲವು ಪದರ ಬೆಳೆಸಿದ ನಿಕಲ್ 20 ಪಟ್ಟು ನಿಧಾನವಾಗಿ ಸವೆಯುತ್ತದೆ ಎಂದು ಅಳೆದರು. ಗಮನಿಸಿ, ತಾಮ್ರ ಮತ್ತು ನಿಕಲ್. ಎಂಎಸ್ ಅಲ್ಲ. ಬಳಿದದ್ದೂ ಅಲ್ಲ. ತಾಮ್ರದ ಹಾಳೆಯನ್ನು ಸುಮಾರು 1000 ಡಿಗ್ರಿಗೆ ಕಾಯಿಸಿ, ಮೀಥೇನ್ ಅನಿಲ ಹಾಯಿಸಿ, ಅದರ ಮೈಮೇಲೇ ಗ್ರಾಫೀನ್ ಬೆಳೆಸಿದ್ದು. ನಿಮ್ಮ ಗೇಟನ್ನು ಆ ಕುಲುಮೆಗೆ ಹಾಕುವ ಮಾತೇ ಇಲ್ಲ. ಹಾಕಿದರೂ ಬಿಸಿ ಕಬ್ಬಿಣ ಇಂಗಾಲವನ್ನು ಒಳಗೇ ಹೀರಿಕೊಳ್ಳುತ್ತದೆ, ಮೇಲೆ ಅಚ್ಚುಕಟ್ಟಾದ ಒಂದೇ ಹಾಳೆ ನಿಲ್ಲುವುದು ಕಷ್ಟ.

ಮರುವರ್ಷ, 2013ರಲ್ಲಿ, ಬರ್ಕ್ಲಿಯಲ್ಲಿ ಅಲೆಕ್ಸ್ ಜೆಟ್ಲ್ ಅವರ ಗುಂಪು ಅದೇ ಥರದ ತಾಮ್ರವನ್ನು ಆತುರಪಡದೆ ತಿಂಗಳುಗಟ್ಟಲೆ ಸುಮ್ನೆ ಗಾಳಿಯಲ್ಲಿ ಬಿಟ್ಟು ನೋಡಿತು. ಮೊದಮೊದಲು ರಕ್ಷಣೆ ಇತ್ತು. ಆಮೇಲೆ ಗ್ರಾಫೀನ್ ಇದ್ದ ತಾಮ್ರವೇ ಬರಿಯ ತಾಮ್ರಕ್ಕಿಂತ ಕೆಟ್ಟಿತ್ತು. ‘ಏನೂ ಇಲ್ಲದ್ದಕ್ಕಿಂತ ಕಡೆ’ ಎಂಬರ್ಥದ ಮಾತನ್ನು ಪ್ರಬಂಧದ ತಲೆಬರಹದಲ್ಲೇ ಹಾಕಿದರು. ನಿಮ್ಮ ತಂಗಿ ಮಗ ಓದಿದ್ದು ಈ ಪ್ರಬಂಧವನ್ನೋ ಇದರ ಬಗ್ಗೆ ಬಂದ ಸುದ್ದಿಯನ್ನೋ ಇರಬೇಕು.

ಹೀಗೇಕೆ? ಟೈಲ್ಸ್ ಕೆಲಸ ನೋಡಿದ್ದೀರಲ್ಲ. ಒಂದೇ ಹಾಲ್‌ನಲ್ಲಿ ನಾಲ್ಕು ಮೂಲೆಯಿಂದ ನಾಲ್ಕು ಜನ ಟೈಲ್ಸ್ ಹಾಕುತ್ತಾ ಬಂದರೆ ಮಧ್ಯದಲ್ಲಿ ಸೇರುವಾಗ ಲೈನು ಕೂಡುವುದಿಲ್ಲ. ಗ್ರಾಫೀನ್ ಬೆಳೆಯುವುದೂ ಹಾಗೆಯೇ. ಅಲ್ಲಲ್ಲಿ ಬೀಜ ಬಿದ್ದು, ಪ್ಯಾಚು ಪ್ಯಾಚಾಗಿ ಹರಡಿ, ಕೊನೆಗೆ ಒಂದಕ್ಕೊಂದು ತಾಗುತ್ತದೆ. ತಾಗಿದ ಗೆರೆಗಳಲ್ಲಿ ಸಂದಿ ಉಳಿಯುತ್ತದೆ. ತಣ್ಣಗಾಗುವಾಗ ತಾಮ್ರ ಕುಗ್ಗುತ್ತದೆ, ಹಾಳೆ ಅದರ ಜೊತೆ ಕುಗ್ಗದೆ ಸುಕ್ಕು ಕಟ್ಟುತ್ತದೆ, ಅಲ್ಲಿ ಇನ್ನಷ್ಟು ಬಿರುಕು. ನೀರು ಆ ಸಂದಿಯಲ್ಲಿ ಇಳಿಯುತ್ತದೆ.

ಸಂದಿ ಎಲ್ಲ ಬಣ್ಣದಲ್ಲೂ ಇರುತ್ತದೆ, ಇದಕ್ಕೇನು ವಿಶೇಷ ಅಂತ ನೀವು ಕೇಳಬಹುದು. ವಿಶೇಷ ಇದೆ. ಗ್ರಾಫೀನ್ ಕರೆಂಟ್ ಹರಿಸುತ್ತದೆ, ಎನಾಮೆಲ್ ಹರಿಸುವುದಿಲ್ಲ. ಸಮುದ್ರದ ನೀರಿನಲ್ಲಿ ಲೋಹಗಳನ್ನು ‘ಯಾರು ಯಾರನ್ನು ತಿನ್ನುತ್ತಾರೆ’ ಎಂಬ ಸಾಲಿನಲ್ಲಿ ನಿಲ್ಲಿಸಿದರೆ, ಗ್ರಾಫೈಟ್ ತಿನ್ನುವವರ ತುತ್ತತುದಿಯಲ್ಲಿ, ಪ್ಲಾಟಿನಮ್ ಪಕ್ಕ ನಿಲ್ಲುತ್ತದೆ. ಸತು ಇನ್ನೊಂದು ತುದಿಯ ಹತ್ತಿರ, ಎಂಎಸ್ ಅದಕ್ಕಿಂತ ಸ್ವಲ್ಪ ಮೇಲೆ. ತುಕ್ಕು ಅಂದರೆ ಒಂದು ಪುಟ್ಟ ಬ್ಯಾಟರಿ. ಒಂದು ಕಡೆ ಲೋಹ ಕರಗುತ್ತದೆ, ಇನ್ನೊಂದು ಕಡೆ ಆಮ್ಲಜನಕ ಎಲೆಕ್ಟ್ರಾನ್ ತಿನ್ನುತ್ತದೆ. ಇಡೀ ಗೇಟಿನ ಮೇಲೆ ಕರೆಂಟ್ ಹರಿಸುವ ಗ್ರಾಫೀನ್ ಹರಡಿದೆ, ಅದರಲ್ಲಿ ಸೂಜಿಮೊನೆಯಷ್ಟು ತೂತಿದೆ ಅಂದುಕೊಳ್ಳಿ. ಆಗ ಇಡೀ ಗೇಟು ಆಮ್ಲಜನಕಕ್ಕೆ ಊಟ ಹಾಕುವ ಪಂಕ್ತಿ, ಆ ತೂತೊಂದೇ ಅಡುಗೆಮನೆ. ಅಷ್ಟು ಜನರಿಗೆ ಬೇಕಾದದ್ದನ್ನೆಲ್ಲ ಆ ಚುಕ್ಕೆ ಜಾಗದ ಕಬ್ಬಿಣವೇ ಕರಗಿ ಕೊಡಬೇಕು. ಹಾಗಾಗಿ ತುಕ್ಕು ಹರಡುವುದಿಲ್ಲ, ಆಳಕ್ಕೆ ಕೊರೆಯುತ್ತದೆ. ಬರಿಯ ಗೇಟು ಎಲ್ಲ ಕಡೆ ಸಮವಾಗಿ ಕೆಂಪಾದರೆ ಎಮರಿ ಹಾಕಿ ಉಜ್ಜಬಹುದು. ಪೈಪಿಗೆ ತೂತು ಬಿದ್ದರೆ ಏನು ಮಾಡುತ್ತೀರಿ?

ಇದು ಬರೀ ಪುಸ್ತಕದ ಮಾತಲ್ಲ. ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಉಪ್ಪುನೀರಿನ ಸ್ಟೇನ್‌ಲೆಸ್ ಸ್ಟೀಲ್ ಪೈಪಿನ ಜೋಡಣೆಗಳಿಗೆ ಗ್ರಾಫೈಟ್ ಗ್ಯಾಸ್ಕೆಟ್ ಹಾಕಿದ್ದರು. ಸೋರಿಕೆ ಅಂತ ನನ್ನನ್ನು ಕರೆದರು. ಫ್ಲ್ಯಾಂಜ್ (ಪೈಪಿನ ತುದಿಯ ಜೋಡಣೆ ಬಿಲ್ಲೆ) ಬಿಚ್ಚಿದೆವು. ಮೇಲ್ಮೈ ಕನ್ನಡಿಯ ಹಾಗಿತ್ತು. ಗ್ಯಾಸ್ಕೆಟ್ ಕೂತ ಉಂಗುರದ ಗುಂಟ ಮಾತ್ರ ಇಲಿ ಕಡಿದಂತೆ ಹಳ್ಳ, ಬೆರಳುಗುರು ಇಳಿಯುವಷ್ಟು ಆಳ. ಪಕ್ಕದ ಅರ್ಧ ಇಂಚಿನ ಆಚೆ ಒಂದು ಕಲೆಯೂ ಇರಲಿಲ್ಲ. ಆ ಉಂಗುರವನ್ನು ನೋಡಿದ ಮೇಲೆ ಇಂಗಾಲ ಮತ್ತು ಉಪ್ಪುನೀರು ಒಟ್ಟಿಗಿದ್ದರೆ ನಾನು ಎರಡು ಸಲ ಯೋಚಿಸುತ್ತೇನೆ.

ಇದಕ್ಕೆ ಪರಿಹಾರ ಹುಡುಕಿದವರು ಷಟ್ಕೋನ ಬೋರಾನ್ ನೈಟ್ರೈಡ್ ಕಡೆ ಹೋದರು. ರಚನೆ ಗ್ರಾಫೀನ್‌ನದೇ ಥರ, ಆದರೆ ಕರೆಂಟ್ ಹರಿಸುವುದಿಲ್ಲ. ಆದ್ದರಿಂದ ಬ್ಯಾಟರಿ ಕಟ್ಟಿಕೊಳ್ಳುವುದಿಲ್ಲ. ಇದರ ತೆಳು ಪದರ ನಿಕಲ್ ಲೋಹವನ್ನು 1100 ಡಿಗ್ರಿವರೆಗಿನ ಬಿಸಿಯಲ್ಲೂ ಕಾಯುತ್ತದೆ ಎಂದು ರೈಸ್ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದರು. ನನ್ನನ್ನು ಕೇಳಿದರೆ ಪರಮಾಣು ದಪ್ಪದ ಪದರಗಳಿಗೆ ನಿಜವಾದ ಭವಿಷ್ಯ ಇರುವುದು ಇಂಥ ಕಡೆ: ಬಿಸಿ ಯಂತ್ರಭಾಗ, ಎಲೆಕ್ಟ್ರಾನಿಕ್ಸ್‌ನ ತಾಮ್ರದ ಗೆರೆ, ದಪ್ಪ ಬಣ್ಣ ಬಳಿಯಲು ಆಗದ ಜಾಗ. ಗೇಟಿಗೆ ದಪ್ಪ ಬಣ್ಣ ಬಳಿಯಲು ಯಾರೂ ಅಡ್ಡ ಬಂದಿಲ್ಲವಲ್ಲ.

ಹಾಗಾದರೆ ಏಜೆಂಟಿನ ಡಬ್ಬಿಯಲ್ಲಿ ಇರುವುದೇನು? ಒಂದು ಪರಮಾಣು ದಪ್ಪದ ಪದರವಂತೂ ಅಲ್ಲ. ಬ್ರಷ್ಷಿನಲ್ಲಿ ಬಳಿದು ಅಂಥ ಪದರ ಕೂರಿಸಲು ಆಗುವುದಿಲ್ಲ. ಬ್ಲಾಸ್ಟಿಂಗ್ ಮಾಡಿದ, ಅಂದರೆ ಮರಳಿನಂಥ ಕಾಳು ಜೋರಾಗಿ ಹೊಡೆದು ಕೆರೆದ ಎಂಎಸ್ ಮೈಯಲ್ಲಿ ದಿಣ್ಣೆಗೂ ತಗ್ಗಿಗೂ 40ರಿಂದ 70 ಮೈಕ್ರಾನ್ ವ್ಯತ್ಯಾಸ ಇರುತ್ತದೆ, ಗ್ರಾಫೀನ್ ಹಾಳೆಯ ಲಕ್ಷಪಟ್ಟಿಗೂ ಜಾಸ್ತಿ. ಇಂಥ ಡಬ್ಬಿಗಳಲ್ಲಿ ಇರುವುದು ಎಪಾಕ್ಸಿಯೋ ಪಿಯುವೋ (ಪಾಲಿಯುರೆಥೇನ್) ಯಾವುದೋ ಒಂದು ರಾಳ, ಅದಕ್ಕೆ ಕಲೆಸಿದ ಗ್ರಾಫೀನ್ ಅಥವಾ ಗ್ರಾಫೀನ್ ಆಕ್ಸೈಡ್ ಚೂರು. ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ.

ಇದು ಮೋಸ ಅಂತ ನಾನು ಹೇಳುತ್ತಿಲ್ಲ. ಈ ಚೂರುಗಳಿಗೆ ನಿಜವಾದ ಕೆಲಸ ಇದೆ. ವಾಸ್ಕೋದ ಹಳೆ ಮನೆಗಳ ಹಂಚಿನ ಮಾಡು ನೆನಪಿಸಿಕೊಳ್ಳಿ. ಯಾವ ಹಂಚೂ ಇನ್ನೊಂದಕ್ಕೆ ಅಂಟಿಲ್ಲ. ಒಂದರ ಮೇಲೊಂದು ಕೂತಿರುವುದರಿಂದ ನೀರು ಒಳಗೆ ಬರುವ ದಾರಿ ಸುತ್ತಾಗುತ್ತದೆ, ಅಷ್ಟೇ. ಬಣ್ಣದೊಳಗಿನ ಚಪ್ಪಟೆ ಚೂರೂ ಅದನ್ನೇ ಮಾಡುತ್ತದೆ. ಉಪ್ಪುನೀರು ಕಬ್ಬಿಣ ಮುಟ್ಟಲು ಸುತ್ತಿ ಬಳಸಿ ಬರಬೇಕು. ಆದರೆ ಈ ಉಪಾಯ ಹಳೆಯದು. ಗಾಜಿನ ಚಕ್ಕೆ, ಅಭ್ರಕದಂತೆ ಹೊಳೆಯುವ ಕಬ್ಬಿಣದ ಆಕ್ಸೈಡ್ ಹಾಕಿದ ಬಣ್ಣ ಹಡಗುಕಟ್ಟೆಗಳಲ್ಲಿ, ಸೇತುವೆಗಳಲ್ಲಿ ಎಷ್ಟೋ ದಶಕದಿಂದ ಇದೆ. ಎಂಐಒ ಅಂತ ಕೇಳಿದರೆ ದೊಡ್ಡ ಪೇಂಟ್ ಅಂಗಡಿಯವರಿಗೆ ಗೊತ್ತು. ಗ್ರಾಫೀನ್ ಚೂರು ಕಡಿಮೆ ಪ್ರಮಾಣದಲ್ಲೇ ಹೆಚ್ಚು ಹರಡಿಕೊಳ್ಳುತ್ತದೆ, ಅದು ಅದರ ಗುಣ. ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತದೆ, ಅದು ಅವಗುಣ. ರಾಗಿ ಮುದ್ದೆ ತಿರುವುವಾಗ ಗಂಟಾದರೆ ಬಾಯಿಗೆ ಸಿಗುತ್ತದೆ. ಬಣ್ಣದಲ್ಲಿ ಗಂಟಾದರೆ ನೀರಿಗೆ ದಾರಿ ಸಿಗುತ್ತದೆ. ಚೂರು ಜಾಸ್ತಿಯಾಗಿ ಒಂದಕ್ಕೊಂದು ತಾಗಿಕೊಂಡರೆ ಆಗಲೇ ಹೇಳಿದ ಬ್ಯಾಟರಿ ಕಥೆ ಶುರು.

ಸತು ತುಂಬಿದ ಪ್ರೈಮರ್‌ನಲ್ಲಿ ಮಾತ್ರ ಕರೆಂಟ್ ಹರಿಯುವ ಗುಣ ಉಪಕಾರಕ್ಕೆ ಬರುತ್ತದೆ. ಅಲ್ಲಿ ಸತುವಿನ ಕಣಗಳು ಒಂದನ್ನೊಂದು ಮುಟ್ಟಿಕೊಂಡಿದ್ದರೆ ತಾನೇ ಕಬ್ಬಿಣದ ಬದಲು ತಾವು ಕರಗುವುದು? ಗ್ರಾಫೀನ್ ಆ ಕಣಗಳ ನಡುವೆ ವೈರಿನ ಹಾಗೆ ಕೆಲಸ ಮಾಡುತ್ತದೆ. ಏಜೆಂಟ್ ಮತ್ತೆ ಬಂದರೆ ಸತುವಿನ ಜೊತೆ ಗ್ರಾಫೀನ್ ಇರುವ ಪ್ರೈಮರ್ ಇದೆಯಾ ಎಂದು ಕೇಳಿ. ನಾನಾದರೆ ಅದನ್ನು ಕುತೂಹಲದಿಂದ ನೋಡುತ್ತೇನೆ.

ಇನ್ನು 2000 ಗಂಟೆ ಸಾಲ್ಟ್ ಸ್ಪ್ರೇ. ಒಂದು ಪೆಟ್ಟಿಗೆಯಲ್ಲಿ 35 ಡಿಗ್ರಿ ಬಿಸಿಯಲ್ಲಿ ನೂರಕ್ಕೆ ಐದರ ಉಪ್ಪುನೀರನ್ನು ಹೊಗೆಯಂತೆ ಬಿಡುತ್ತಾರೆ. ಒಂದು ಬ್ಯಾಚು ಇನ್ನೊಂದು ಬ್ಯಾಚಿನ ಹಾಗೆ ಬಂದಿದೆಯಾ ಎಂದು ನೋಡಲು ಒಳ್ಳೆಯ ಪರೀಕ್ಷೆ. ಆದರೆ ಅದರಲ್ಲಿ ಬಿಸಿಲಿಲ್ಲ, ಒಣಗುವುದಿಲ್ಲ, ರಾತ್ರಿಯ ಇಬ್ಬನಿ ಇಲ್ಲ. ಗಂಟೆಯನ್ನು ವರ್ಷಕ್ಕೆ ಲೆಕ್ಕ ಹಾಕುವ ಸೂತ್ರ ಯಾವುದೂ ಇಲ್ಲ. 2000 ಗಂಟೆ ಅಂದರೆ 15 ವರ್ಷ ಅಂತ ಯಾರಾದರೂ ಹೇಳಿದರೆ ಅದು ಅವರ ಬಾಯಿಲೆಕ್ಕ.

ತುಕ್ಕಿನ ಮೇಲೇ ಬಳಿಯಿರಿ ಅನ್ನುವ ಮಾತಂತೂ ಬಿಟ್ಟುಬಿಡಿ. ತುಕ್ಕಿನೊಳಗೆ ಉಪ್ಪು ಕೂತಿರುತ್ತದೆ. ಮೇಲೆ ಎಷ್ಟೇ ಒಳ್ಳೆಯ ಬಣ್ಣ ಹಾಕಿ, ಆ ಉಪ್ಪು ಬಣ್ಣದಾಚೆಯಿಂದ ನೀರನ್ನು ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ.

ನಿಮ್ಮ ಗೇಟಿಗೆ ಏನಾಯಿತು ಎಂದು ಈಗ ನೋಡೋಣ. ಅಡುಗೆ ಉಪ್ಪು ಗಾಳಿಯ ತೇವ ನೂರಕ್ಕೆ 75 ದಾಟಿದರೆ ತಾನಾಗಿ ನೀರಾಗುತ್ತದೆ. ಮಳೆಗಾಲದಲ್ಲಿ ಗೋವಾದ ಗಾಳಿ ಸಾಮಾನ್ಯವಾಗಿ ಆ ಮಿತಿಯ ಮೇಲೆಯೇ ಇರುತ್ತದೆ. ಅಂದರೆ ಮಳೆ ನಿಂತ ದಿನವೂ ಗೇಟು ಒದ್ದೆ. ಮಳೆ ಬೀಳುವ ಮುಂಭಾಗಕ್ಕಿಂತ ಅಡ್ಡಪಟ್ಟಿಯ ಕೆಳಮೈ ಜಾಸ್ತಿ ಕೆಟ್ಟಿರಬೇಕು, ನೋಡಿ. ಮುಂಭಾಗದ ಉಪ್ಪನ್ನು ಮಳೆ ತೊಳೆಯುತ್ತದೆ, ಕೆಳಮೈ ಉಪ್ಪು ಅಲ್ಲೇ ಕೂರುತ್ತದೆ. ವೆಲ್ಡಿಂಗ್ ಜಾಗದಲ್ಲಿ ಸ್ಲ್ಯಾಗ್ (ವೆಲ್ಡಿನ ಮೇಲೆ ಕೂರುವ ಗಸಿ), ಸಿಡಿದ ಕಾಳುಗಳು ಉಳಿದರೆ ಬಣ್ಣ ಅವುಗಳ ಮೇಲೆ ತೊಗಲಿನಂತೆ ನಿಲ್ಲುತ್ತದೆ, ಕಬ್ಬಿಣಕ್ಕೆ ಹಿಡಿಯುವುದಿಲ್ಲ. ಚೂಪು ಅಂಚಿನಿಂದ ಹಸಿ ಬಣ್ಣ ಹಿಂದೆ ಸರಿಯುತ್ತದೆ. ಹಾಗಾಗಿ ಅಂಚಿನಲ್ಲಿ ನೀವು ಹಾಕಿದ ಮೂರು ಕೋಟಿನ ದಪ್ಪ ಉಳಿಯುವುದೇ ಇಲ್ಲ. ತಪ್ಪು ಗ್ರಾಫೀನ್ ಇಲ್ಲದಿದ್ದದ್ದಲ್ಲ.

ನಾನಾದರೆ ಏನು ಮಾಡುತ್ತೇನೆ? ಹೊಸ ಗೇಟಾದರೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್. ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಇಡೀ ಗೇಟು ಮುಳುಗುತ್ತದೆ. ಅಂಚು, ಮೂಲೆ, ಪೈಪಿನ ಒಳಮೈಗೂ ಸತು ಹತ್ತುತ್ತದೆ. ಹರಿದ ಜಾಗದಲ್ಲಿ ಏನಾಗುತ್ತೆ ಎಂಬ ನನ್ನ ಪ್ರಶ್ನೆಗೆ ಇದರ ಉತ್ತರ ಸೊಗಸು: ಗೀರು ಬಿದ್ದರೆ ಸುತ್ತಲಿನ ಸತು ತಾನು ಕರಗಿ ಕಬ್ಬಿಣವನ್ನು ಕಾಯುತ್ತದೆ. ಗ್ರಾಫೀನ್ ಮಾಡುವುದಕ್ಕೆ ಇದು ಸರಿಯಾಗಿ ತಿರುಗಾಮುರುಗಾ. ಒಂದು ಎಚ್ಚರಿಕೆ ಜೀವಕ್ಕೆ ಸಂಬಂಧಿಸಿದ್ದು. ಎರಡೂ ಕಡೆ ಮುಚ್ಚಿದ ಪೈಪನ್ನು ಆ ತೊಟ್ಟಿಗೆ ಇಳಿಸಿದರೆ ಒಳಗಿನ ಗಾಳಿ, ತೇವ ಉಬ್ಬಿ ಸ್ಫೋಟವಾಗುತ್ತದೆ. ತೂತು ಎಲ್ಲಿ, ಎಷ್ಟು ದೊಡ್ಡದು ಬೇಕು ಎಂದು ಪ್ಲಾಂಟಿನವರನ್ನೇ ಕೇಳಿ, ಕಳಿಸುವ ಮೊದಲೇ ಕೊರೆಯಿರಿ. ಇನ್ನೊಂದು, ಹೊಸ ಸತುವಿನ ಮೇಲೆ ನೇರ ಎನಾಮೆಲ್ ಹೊಡೆಯಬೇಡಿ. ಎನಾಮೆಲ್‌ನ ಎಣ್ಣೆ ಸತುವಿನ ಜೊತೆ ಸೇರಿ ಸೋಪಾಗುತ್ತದೆ, ಬಣ್ಣ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಸತುವಿಗೆ ಹೊಂದುವ ಎಪಾಕ್ಸಿ ಪ್ರೈಮರ್ ಮಧ್ಯೆ ಇರಲಿ.

ಬೊಗ್ಮಾಳೊದ ಗೇಟಿಗೂ ಇದನ್ನೇ ಮಾಡಬಹುದು, ಆದರೆ ಹಳೆ ಬಣ್ಣ ಪೂರ್ತಿ ತೆಗೆದು ಕಳಿಸಬೇಕು. ಪ್ಲಾಂಟಿನ ಆಸಿಡ್ ತುಕ್ಕು ತೆಗೆಯುತ್ತದೆ, ಬಣ್ಣ ತೆಗೆಯುವುದಿಲ್ಲ. ಪ್ಲಾಂಟಿನವರೆಗೆ ಸಾಗಿಸುವುದು ದುಬಾರಿಯಾದರೆ ಎರಡನೇ ದಾರಿ: ಬ್ಲಾಸ್ಟಿಂಗ್ ಮಾಡಿಸಿ, ಸತು ತುಂಬಿದ ಎಪಾಕ್ಸಿ ಪ್ರೈಮರ್, ಮೇಲೆ ಎಂಐಒ ಎಪಾಕ್ಸಿ, ಕೊನೆಗೆ ಪಿಯು. ಒಟ್ಟು 250 ಮೈಕ್ರಾನ್ ಆಸುಪಾಸು ಬರಬೇಕು. ಅಂಚಿಗೆ, ವೆಲ್ಡಿಗೆ ಮೊದಲು ಬ್ರಷ್ಷಿನಲ್ಲಿ ಒಂದು ಕೋಟು ಬೇರೆಯಾಗಿ ಹಚ್ಚಿ, ಆಮೇಲೆ ಸ್ಪ್ರೇ ಮಾಡಿ. ಸತುವಿನ ಪ್ರೈಮರ್ ಕೊಳ್ಳುವಾಗ ಒಣಗಿದ ಪದರದಲ್ಲಿ ನೂರಕ್ಕೆ 80 ಭಾಗ ಸತು ಇದೆಯಾ ಎಂದು ಡೇಟಾ ಶೀಟಿನಲ್ಲಿ ನೋಡಿ. ಬೂದು ಬಣ್ಣ ಇದ್ದ ಮಾತ್ರಕ್ಕೆ ಸತು ಅಲ್ಲ. ಗ್ರೈಂಡರಿಗೆ ವೈರ್ ಬ್ರಷ್ ಕಟ್ಟಿ ಕೆರೆದು, ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಎಪಾಕ್ಸಿ ಮ್ಯಾಸ್ಟಿಕ್ ಎಂಬ ದಪ್ಪ ಬಣ್ಣ ಹಚ್ಚುವುದು ಮೂರನೇ ದಾರಿ. ಅಗ್ಗ, ಆದರೆ ಕೆಲವು ವರ್ಷದ ಮಾತು. ಅದನ್ನು ಮನೆಯವರಿಗೆ ಮೊದಲೇ ಹೇಳಿ.

ಸ್ಟೀಲ್ ರೇಲಿಂಗಿಗೆ ಗ್ರಾಫೀನ್ ಬೇಡ. ಅದಕ್ಕೆ ಅತಿ ತೆಳುವಾದ ಪದರ ಈಗಾಗಲೇ ಇದೆ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದೇ ಮೈಮೇಲಿನ ಕ್ರೋಮಿಯಂ ಆಕ್ಸೈಡಿನಿಂದ. ದಪ್ಪ ಕೆಲವೇ ನ್ಯಾನೋಮೀಟರ್. ಗೀರಿದರೆ ಗಾಳಿ ತಾಗುತ್ತಲೇ ಮತ್ತೆ ಕಟ್ಟಿಕೊಳ್ಳುತ್ತದೆ. ಕೊಡಚಾದ್ರಿ ಕಂಬದ ಗುಟ್ಟೂ ಇದರ ದೂರದ ಸಂಬಂಧಿ. ಹಳೆ ಕಾಲದ ಕುಲುಮೆಯ ಕಬ್ಬಿಣದ ಮೇಲೆ ನಿಧಾನಕ್ಕೆ ಬಿಗಿಯಾದ ಪದರ ಕಟ್ಟಿಕೊಂಡಿದೆ. ಮಳೆ ಎಷ್ಟೇ ಸುರಿದರೂ ಅಲ್ಲಿ ಬೊಗ್ಮಾಳೊದಷ್ಟು ಉಪ್ಪಿಲ್ಲ. ಉಪ್ಪಿನ ಕ್ಲೋರೈಡ್ ಇಂಥ ಪದರಕ್ಕೆ ವೈರಿ. ಅದಕ್ಕೇ ಸಮುದ್ರದ ಪಕ್ಕ 304 ದರ್ಜೆಯ ಸ್ಟೀಲಿನ ಮೇಲೆ ಚಹಾ ಚೆಲ್ಲಿದಂಥ ಕಲೆ ಬರುತ್ತದೆ. 316 ಹಾಕಿ, ಅದರಲ್ಲಿ ಕ್ಲೋರೈಡಿಗೆ ಹೆಚ್ಚು ತಡೆಯೊಡ್ಡುವ ಮಾಲಿಬ್ಡಿನಂ ಇದೆ. ಮ್ಯಾಗ್ನೆಟ್ ಹಿಡಿದು ನೋಡುವುದರಿಂದ ಪ್ರಯೋಜನವಿಲ್ಲ. ಅಗ್ಗದ 202ಕ್ಕೂ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಎಂಎಸ್ ಉಜ್ಜಿದ ಗ್ರೈಂಡಿಂಗ್ ವೀಲನ್ನು ಸ್ಟೀಲಿಗೆ ಮುಟ್ಟಿಸಬೇಡಿ. ಆ ಕಬ್ಬಿಣದ ಪುಡಿಯೇ ಮೊದಲು ಕೆಂಪಾಗಿ ಕೆಟ್ಟ ಹೆಸರು ಸ್ಟೀಲಿಗೆ ಬರುತ್ತದೆ.

ಆದರೂ ಏಜೆಂಟಿನ ಮಾಲು ಪರೀಕ್ಷಿಸುವ ಆಸೆ ಇದ್ದರೆ ನೀವೇ ಮಾಡಬಹುದು. ಅಂಗೈ ಅಗಲದ ಮೂರು ಎಂಎಸ್ ತುಂಡು ತೆಗೆದುಕೊಳ್ಳಿ. ಒಂದಕ್ಕೆ ನಿಮ್ಮ ರೆಡ್ ಆಕ್ಸೈಡ್ ಮತ್ತು ಎನಾಮೆಲ್, ಒಂದಕ್ಕೆ ಸತು ಮತ್ತು ಎಪಾಕ್ಸಿ, ಒಂದಕ್ಕೆ ಅವನ ಗ್ರಾಫೀನ್, ಅವನ ಕೈಯಲ್ಲೇ ಹಚ್ಚಿಸಿ. ಒಣಗಿದ ಮೇಲೆ ಮೂರಕ್ಕೂ ಬ್ಲೇಡಿನಿಂದ ಕಬ್ಬಿಣ ಕಾಣುವವರೆಗೆ ಒಂದೊಂದು ಗೀರು ಎಳೆಯಿರಿ. ಆ ಬೊಗ್ಮಾಳೊ ಮನೆಯ ಕಂಪೌಂಡಿಗೇ, ಸಮುದ್ರದ ಕಡೆ ಮುಖ ಮಾಡಿ, ಪ್ಲಾಸ್ಟಿಕ್ ದಾರದಲ್ಲಿ ನೇತುಹಾಕಿ. ಮಳೆಗಾಲ ಮುಗಿದು ದೀಪಾವಳಿ ಹೊತ್ತಿಗೆ ಇಳಿಸಿ, ಗೀರಿನ ಪಕ್ಕದ ಬಣ್ಣವನ್ನು ಚಾಕುವಿನಿಂದ ಎಬ್ಬಿಸಿ, ತುಕ್ಕು ಅಡಿಯಲ್ಲಿ ಎಷ್ಟು ಮಿಲಿಮೀಟರ್ ನುಗ್ಗಿದೆ ಎಂದು ಸ್ಕೇಲ್ ಇಟ್ಟು ಅಳೆಯಿರಿ. ಗೀರು ಹಾಕಲು ಏಜೆಂಟ್ ಒಪ್ಪದಿದ್ದರೆ ದೀಪಾವಳಿವರೆಗೂ ಕಾಯಬೇಕಿಲ್ಲ. ಒಪ್ಪಿದರೆ ಮೂರರ ಫೋಟೋ ನನಗೂ ಕಳಿಸಿ.